ಮಟಮಟ ಮಧ್ಯಾಹ್ನದ ದೆವ್ವ

ಈಜಿಪ್ಟಿನ ಮರುಭೂಮಿಯಲ್ಲಿದ್ದ ಮೊದಮೊದಲ ಕ್ರೈಸ್ತ ಸನ್ಯಾಸಿಗಳು ದೆವ್ವಗಳ ಜೊತೆ ಹೋರಾಡಿದರು ಅಂತಾರಲ್ಲ, ಅದು ನಿಜವಾದ ದೆವ್ವವೋ ಮನಸ್ಸಿನ ಭ್ರಮೆಯೋ ಎಂದು ಕೇಳಿದ್ದೀರಿ. ದೆವ್ವ ಇದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಅದು ಒಳಗೆ ನುಗ್ಗುವ ಬಾಗಿಲು ನಮ್ಮ ಯೋಚನೆಯೇ ಎಂದೂ ಅವರಿಗೆ ಗೊತ್ತಿತ್ತು.

ಎಲ್ಲರೂ ಹೇಳುವುದು ಸಂತ ಅಂತೋಣಿಯವರ ಕಥೆ. (ನಮ್ಮ ಚರ್ಚುಗಳಲ್ಲಿ ಮಂಗಳವಾರ ನೊವೆನಾ ಪ್ರಾರ್ಥನೆ ಮಾಡುವುದು ಪಾದುವಾದ ಅಂತೋಣಿಯವರಿಗೆ. ನಾನು ಹೇಳುತ್ತಿರುವ ಈಜಿಪ್ಟಿನ ಅಂತೋಣಿ ಅವರಿಗಿಂತ ತುಂಬಾ ಹಿಂದಿನವರು, 356ರಲ್ಲಿ ತೀರಿಕೊಂಡರು.) ಊರಾಚೆಯ ಸಮಾಧಿಯೊಂದರಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಗ ದೆವ್ವಗಳು ಮೈಮೇಲೆ ಬಿದ್ದು ಪ್ರಜ್ಞೆ ತಪ್ಪುವ ಹಾಗೆ ಬಡಿದವು. ಗೆಳೆಯನೊಬ್ಬ ಹೊತ್ತುಕೊಂಡು ಊರ ಚರ್ಚಿಗೆ ತಂದ. ಮಧ್ಯರಾತ್ರಿ ಎಚ್ಚರವಾಯಿತು. ಯಾರನ್ನೂ ಎಬ್ಬಿಸಬೇಡ, ನನ್ನನ್ನು ವಾಪಸ್ ಅಲ್ಲಿಗೇ ಬಿಡು ಎಂದರು. ನಿಲ್ಲಲು ಆಗದೆ ಮಲಗಿಕೊಂಡೇ ಪ್ರಾರ್ಥಿಸಿದರು.

ನನಗೆ ಇದಕ್ಕಿಂತ ಹತ್ತಿರವಾಗಿದ್ದು ಅದೇ ಮರುಭೂಮಿಯ ಇನ್ನೊಬ್ಬ ಸನ್ಯಾಸಿ ಎವಾಗ್ರಿಯುಸ್. ಕೆಲ್ಲಿಯಾ ಎಂಬಲ್ಲಿ ಪುಟ್ಟ ಗುಡಿಸಲಿನಲ್ಲಿದ್ದು 399ರಲ್ಲಿ ತೀರಿಕೊಂಡವರು. ಮನುಷ್ಯನನ್ನು ಕಾಡುವ ಯೋಚನೆಗಳನ್ನು ಅವರು 8 ಬಗೆ ಮಾಡಿದರು. ಅದರಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅಕೇಡಿಯಾ, ಅಂದರೆ ಮಟಮಟ ಮಧ್ಯಾಹ್ನದ ದೆವ್ವ. ಬೆಳಿಗ್ಗೆ ಹತ್ತರಿಂದ ಎರಡು ಗಂಟೆಯವರೆಗೆ ಅದರ ಹೊತ್ತು. ಸೂರ್ಯ ನಿಂತೇ ಬಿಟ್ಟ ಅನ್ನಿಸುತ್ತದೆ. ದಿನಕ್ಕೆ 50 ಗಂಟೆ ಇದ್ದ ಹಾಗೆ. ಸನ್ಯಾಸಿ ಕಿಟಕಿ ಕಡೆ ನೋಡುತ್ತಾನೆ. ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಹೊರಗೆ ಬಂದು ಬಿಸಿಲು ಅಳೆಯುತ್ತಾನೆ. ಯಾರಾದರೂ ಬರ್ತಾರಾ ಎಂದು ಇಣುಕುತ್ತಾನೆ. ಆಮೇಲೆ ಈ ಜಾಗ ಸಾಕು, ಈ ಕೆಲಸ ಸಾಕು, ಇಲ್ಲಿ ಯಾರಿಗೂ ನನ್ನ ಮೇಲೆ ಪ್ರೀತಿಯಿಲ್ಲ ಅನ್ನಿಸುತ್ತದೆ.

ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ಅವರನ್ನು ನಾನೇ ನೋಡಿಕೊಂಡೆ. ಗಂಜಿ ಕುಡಿಸಿ, ಬಟ್ಟೆ ಬದಲಿಸಿ, ಹನ್ನೆರಡರ ಹೊತ್ತಿಗೆ ಕಿಟಕಿ ಸರಳು ಹಿಡಿದು ಗೇಟನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಅಣ್ಣಂದಿರ ಮೇಲೆ ಸುಮ್ನೆ ಸಿಟ್ಟು ಬರುತ್ತಿತ್ತು. ಆ ದಿನಗಳಲ್ಲೇ ಇದನ್ನು ಓದಿದ್ದು. 1600 ವರ್ಷದ ಹಿಂದೆ ಯಾರೋ ನನ್ನ ಕಿಟಕಿಯನ್ನು ನೋಡಿ ಬರೆದಿದ್ದರು. ಅತ್ತುಬಿಟ್ಟೆ.

ಇದಕ್ಕೆ ಎವಾಗ್ರಿಯುಸ್ ಹೇಳುವ ಮದ್ದು ತೀರಾ ಸರಳ: ಜಾಗ ಬಿಟ್ಟು ಏಳಬೇಡ. ಆ ಮರುಭೂಮಿಯ ಹಿರಿಯ ಸನ್ಯಾಸಿನಿಯರನ್ನೂ ‘ಅಮ್ಮಾ’ ಎಂದೇ ಕರೆಯುತ್ತಿದ್ದರು, ಗೊತ್ತಾ? ಹಾಗೆ ಅಮ್ಮಾ ಸಾರಾ ಕಾಮದ ದೆವ್ವದ ಜೊತೆ 13 ವರ್ಷ ಸೆಣಸಿದರು. ಈ ಹೋರಾಟ ತಪ್ಪಿಸು ಎಂದು ಒಮ್ಮೆಯೂ ಬೇಡಲಿಲ್ಲ. ದೇವರೇ, ಶಕ್ತಿ ಕೊಡು ಎಂದರು, ಅಷ್ಟೇ.

ಅಂತೋಣಿಯವರಿಗೂ ಒಮ್ಮೆ ಇದೇ ಮಂಕು ಕವಿದಿತ್ತಂತೆ. ಹೊರಗೆ ಬಂದರೆ ತಮ್ಮ ಹಾಗೇ ಇರುವ ಒಬ್ಬ ಕೂತು ಹಗ್ಗ ಹೆಣೆಯುತ್ತಿದ್ದ. ಎದ್ದು ಪ್ರಾರ್ಥಿಸಿದ. ಮತ್ತೆ ಕೂತು ಹೆಣೆದ. ಅವನು ದೇವದೂತ. “ಹೀಗೆ ಮಾಡು, ಉಳಿಯುತ್ತೀಯ” ಎಂದ.

ಅದನ್ನು ಓದಿದ ಮೇಲೆ ನಾನು ಮಧ್ಯಾಹ್ನ ಅವರೆಕಾಯಿ ಮೊರ ತಗೊಂಡು ಅಮ್ಮನ ಮಂಚದ ಪಕ್ಕ ಕೂರತೊಡಗಿದೆ. ಒಂದು ಹಿಡಿ ಕಾಯಿ ಸುಲಿಯುವುದು, ಒಂದು ಪ್ರಾರ್ಥನೆ, ಮತ್ತೆ ಒಂದು ಹಿಡಿ.