ಹಳೆಯ ಮೋಟರ್‌ಹೋಮ್‌ನಡಿ ಡೀಸೆಲ್ ಹನಿ: ಮೊದಲು ರಿಟರ್ನ್ ಪೈಪ್ ನೋಡಿ

ಮಡಿಕೇರಿಯ ಇಳಿಜಾರಿನಲ್ಲಿ ರಾತ್ರಿ ನಿಲ್ಲಿಸಿದ ನಿಮ್ಮ ಮೋಟರ್‌ಹೋಮ್ (ಒಳಗೇ ವಾಸಿಸುವಂತೆ ಮಾಡಿದ ವಾಹನ) ಬೆಳಿಗ್ಗೆ ತಡವಾಗಿ ಸ್ಟಾರ್ಟ್ ಆಗುವುದಕ್ಕೂ ಎಂಜಿನ್ ಕೆಳಗೆ ಡೀಸೆಲ್ ಹನಿಯುವುದಕ್ಕೂ ಇಂಜೆಕ್ಟರುಗಳ (ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಭಾಗಗಳ) ನಡುವಿನ ರಿಟರ್ನ್ ಪೈಪಿನ, ಅಂದರೆ ಮಿಕ್ಕ ಡೀಸೆಲ್ಲನ್ನು ಹಿಂದಕ್ಕೆ ಒಯ್ಯುವ ಪೈಪಿನ ಬಿರುಕೇ ಕಾರಣವಿರಬಹುದು. ನೂಲು ಹೆಣೆದ ಆ ರಬ್ಬರ್ ಪೈಪು ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗಿ, ಬಾಗಿಸಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ತಣ್ಣಗಿರುವ ಎಂಜಿನ್ನನ್ನು ಚೆನ್ನಾಗಿ ಒರೆಸಿ, ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಹಚ್ಚಿ ಸ್ಟಾರ್ಟ್ ಮಾಡಿದರೆ, ಮೊದಲು ಒದ್ದೆಯಾಗುವ ಜಾಗವೇ ಬಹುತೇಕ ಸೋರಿಕೆಯ ಮೂಲ. ಕೊಡಗಿನ ಮಳೆಗಾಲದಲ್ಲಿ ಇದನ್ನು ಶೆಡ್ಡಿನೊಳಗೇ ಮಾಡಬೇಕು, ಇಲ್ಲದಿದ್ದರೆ ನೀರೋ ಡೀಸೆಲ್ಲೋ ತಿಳಿಯದು. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರುಗಳಿಗೆ ಭಾರೀ ಒತ್ತಡದಲ್ಲಿ ಡೀಸೆಲ್ ಒಯ್ಯುವ ಉಕ್ಕಿನ ಪೈಪುಗಳ ಬಳಿ ಕೈ ಒಯ್ಯಬೇಡಿ, ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಬಲ್ಲದು. ರಿಟರ್ನ್ ಪೈಪಿನಲ್ಲಿ ಸೋರಿಕೆ ಕಾಣದಿದ್ದರೆ ಡೀಸೆಲ್ ಫಿಲ್ಟರಿನ ಬ್ಯಾಂಜೋ ಬೋಲ್ಟಿನ (ಡೀಸೆಲ್ ಹರಿಯಲು ಒಳಗೆ ರಂಧ್ರವಿರುವ ಬೋಲ್ಟಿನ) ತಾಮ್ರದ ವಾಷರುಗಳನ್ನು ನೋಡಿ. ಇಂಜೆಕ್ಟರುಗಳಿಗೆ ಡೀಸೆಲ್ ತಳ್ಳುವ ಪಂಪಿನಿಂದಲೇ ಜಿನುಗುತ್ತಿದ್ದರೆ ಮಾತ್ರ ಡೀಸೆಲ್ ಪಂಪ್ ಮೆಕ್ಯಾನಿಕ್‌ಗೆ ಒಪ್ಪಿಸಿ. ರಿಟರ್ನ್ ಪೈಪು, ವಾಷರುಗಳನ್ನು ನೀವೇ ಬದಲಿಸಿ, ಡೀಸೆಲ್ ತುಂಬಿಸುವ ಕೈಪಂಪಿನಿಂದ ಪೈಪುಗಳೊಳಗಿನ ಗಾಳಿ ತೆಗೆದು ಸ್ಟಾರ್ಟ್ ಮಾಡಬಹುದು.