ವಾರಗಿತ್ತಿಗೂ ಒಂದು ಅಧ್ಯಾಯ ಕೊಡಿ

ಪ್ರಶ್ನೆ: ನನಗೆ 47 ವರ್ಷ. ಮಂಡ್ಯದ ಹತ್ತಿರದ ಹಳ್ಳಿ. ಮದುವೆಯಾಗಿ ಬಂದ ಮನೆಯಲ್ಲಿ ಆಲೆಮನೆ ಇತ್ತು. ಭಾಗವಾದಾಗ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಕೊಪ್ಪರಿಗೆ ಯಾರ ಪಾಲಿಗೆ ಎಂಬ ಜಗಳದಲ್ಲಿ ನಮ್ಮವರಿಗೂ ಮೈದುನನಿಗೂ ಮಾತು ನಿಂತಿತು. ಅದನ್ನೇ ಕಾದಂಬರಿ ಮಾಡೋಣವೆಂದು 140 ಪುಟ ಬರೆದೆ. ಓದಿದರೆ ಡೈರಿಯ ಹಾಗಿದೆ. ‘ಚಿಕ್ಕಮ್ಮನಿಗೆ ಗೊತ್ತಾಗುತ್ತೆ, ಬೇಡ’ ಅನ್ನುತ್ತಾಳೆ ಮಗಳು. ಊರು ಬಿಟ್ಟು ಹೋಗದ ನನಗೆ ಅಷ್ಟು ಅನುಭವ ಇದೆಯೇ? ಬರೆಯಲೋ, ಬಿಡಲೋ?

ಉತ್ತರ: ಬರೆಯಿರಿ. ಅನುಭವ ಸಾಲದೆಂಬ ಅಳುಕು ಬೇಡ. ಕುವೆಂಪು ಬದುಕಿನ ಬಹುಪಾಲು ಕಳೆದದ್ದು ಮೈಸೂರಿನಲ್ಲಿ. ಆದರೆ 1936ರ ‘ಕಾನೂರು ಹೆಗ್ಗಡಿತಿ’ಗೂ 1967ರ ‘ಮಲೆಗಳಲ್ಲಿ ಮದುಮಗಳು’ಗೂ ಸರಕು ಒದಗಿದ್ದು ಹುಟ್ಟಿ ಬೆಳೆದ ಮಲೆನಾಡಿನಿಂದಲೇ. ಭೈರಪ್ಪನವರು ಬಾಲ್ಯದಲ್ಲಿ ಮನೆಯೊಳಗೇ ಪ್ಲೇಗಿನ ಸಾವು ಕಂಡವರು. ಆ ಸಂಕಟ 1970ರಲ್ಲಿ ‘ಗೃಹಭಂಗ’ ಕಾದಂಬರಿಗೆ ಇಳಿಯಿತು. ಆತ್ಮಕಥೆ ‘ಭಿತ್ತಿ’ ಬಂದದ್ದು 1996ರಲ್ಲಿ. ಬದುಕು ಒಂದೇ, ಪುಸ್ತಕ ಬೇರೆ ಬೇರೆ. ನಿಮ್ಮ 140 ಪುಟದಲ್ಲಿ ಈ ಎರಡೂ ಕಲಸಿಹೋಗಿವೆ, ತೊಡಕು ಅಲ್ಲಿದೆ.

ಡೈರಿಯಂತಾಗಲು ಎರಡು ಕಾರಣ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತಾ ಹೋಗುವುದು ಒಂದು. ‘ನಾನು’ ಎನ್ನುವವಳು ಪ್ರತಿ ಜಗಳದಲ್ಲೂ ಸರಿಯಾಗಿಯೇ ಇರುವುದು ಇನ್ನೊಂದು. ಎರಡನೆಯದೇ ಹೆಚ್ಚು ಕೆಡಿಸುವುದು.

ಮದುವೆಯಿಂದ ಶುರುಮಾಡಬೇಡಿ, ಕೊಪ್ಪರಿಗೆ ಜಗಳದ ದಿನದಿಂದ ಶುರುಮಾಡಿ. ಜಮೀನನ್ನು ಅಳೆದು ಹಂಚಬಹುದು, ಕೊಪ್ಪರಿಗೆಯನ್ನು ಕೊಯ್ದು ಹಂಚಲಾಗದು. ಎಷ್ಟೋ ಕಾದಂಬರಿಕಾರರು ಹುಡುಕಿದರೂ ಸಿಗದ ಸಂಗತಿ ನಿಮಗೆ ಮನೆಯಲ್ಲೇ ಸಿಕ್ಕಿದೆ. ಅದೇ ಒಂದು ಗಂಟೆಯನ್ನು ಮೂರು ಸಲ ಬರೆಯಿರಿ, ಒಂದೊಂದೂ 500 ಪದ: ನಿಮ್ಮ ಕಣ್ಣಲ್ಲಿ, ವಾರಗಿತ್ತಿಯ ಕಣ್ಣಲ್ಲಿ, ಒಲೆ ಉರಿ ಹಾಕುತ್ತಿದ್ದ ಕೂಲಿಯಾಳಿನ ಕಣ್ಣಲ್ಲಿ. ವಾರಗಿತ್ತಿಗೆ ಕೊಪ್ಪರಿಗೆ ಯಾಕೆ ಬೇಕಿತ್ತು? ಸಾಲವಿತ್ತೇ, ತವರಿನವರ ಮಾತಿತ್ತೇ? ಅವಳ ಕಾರಣ ಓದುಗನಿಗೂ ನ್ಯಾಯ ಅನ್ನಿಸುವಷ್ಟು ಬಂದರೆ ಆ ಬರಹ ಇಟ್ಟುಕೊಳ್ಳಿ. ಬರದಿದ್ದರೆ ಸಿಟ್ಟು ಇನ್ನೂ ಆರಿಲ್ಲ. ಅಲ್ಲಿಯವರೆಗೆ ಬೇರೆ ಅಧ್ಯಾಯ ಬರೆಯಿರಿ.

ಇನ್ನು ಗುರುತು ಸಿಗುವ ಭಯ. ಹೆಸರು ಬದಲಿಸಿದರೆ ಸಾಲದು, ಊರವರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ವಯಸ್ಸು, ಮಕ್ಕಳ ಸಂಖ್ಯೆ, ರೂಪ, ತವರೂರು ನಾಲ್ಕನ್ನೂ ಬದಲಿಸಿ. ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಿ. ಅಣ್ಣ-ತಮ್ಮಂದಿರನ್ನು ಅಕ್ಕ-ತಮ್ಮ ಮಾಡಿ ನೋಡಿ, ಜಗಳದ ಬಿಸಿ ಹಾಗೇ ಇರುತ್ತದೆ. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಒಂದು ಸಾಲನ್ನೇ ನಂಬಬೇಡಿ; ವ್ಯಕ್ತಿ ಯಾರೆಂದು ಗೊತ್ತಾಗುವಂತಿದ್ದರೆ ಮಾನನಷ್ಟದ ಮೊಕದ್ದಮೆ ಹೂಡಲು ಅವಕಾಶವಿದೆ. ಭಾಗದ ಕೇಸು ಕೋರ್ಟಿನಲ್ಲಿದ್ದರೆ ಅದರ ಕಾಗದಪತ್ರದ ಮಾತುಗಳನ್ನು ಎತ್ತಿ ಬರೆಯಲೇಬೇಡಿ.

ಬದಲಿಸಬಾರದ್ದು ಕೆಲಸದ ವಿವರ. ಕಬ್ಬಿನ ಹಾಲಿಗೆ ಸುಣ್ಣದ ನೀರು ಯಾವಾಗ ಹಾಕಬೇಕು, ಬೆಂಡೆಗಿಡದ ಲೋಳೆ ಬಿಟ್ಟರೆ ಮಡ್ಡಿ ಹೇಗೆ ಮೇಲೆದ್ದು ಬರುತ್ತದೆ, ಹದ ನೋಡಲು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುವುದು ಹೇಗೆ, ಬೇಗ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗದೆ, ತಡವಾದರೆ ಸೀದು ಕಪ್ಪಾಗುವ ಬೆಲ್ಲ: ಇವಕ್ಕೆಲ್ಲ ಬೇರೆ ನೋಟ್‌ಬುಕ್ ಇಡಿ. ಆದರೆ ಪಾಠ ಹೇಳಿದ ಹಾಗೆ ತುಂಬಬೇಡಿ. ವಾದ ಮಾಡುತ್ತಾ ನಿಂತ ಗಂಡಸರ ಬೆನ್ನ ಹಿಂದೆ ಪಾಕ ಸೀಯುತ್ತಿರಲಿ, ವಾಸನೆ ಮೊದಲು ಗೊತ್ತಾಗುವುದು ಹೆಂಗಸಿಗೆ. ಮಾತುಗಳೂ ನಿಮ್ಮ ಊರಿನವೇ ಇರಲಿ. ‘ಕೊಪ್ಪರ್ಗೆ ನಮ್ಗೇ ಬೇಕು ಕನಾ’ ಎಂಬುದನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಆಡಿದವಳೇ ಮಾಯವಾಗುತ್ತಾಳೆ.

ದಿನಕ್ಕೆ 300 ಪದ, ವಾರಕ್ಕೆ ಐದು ದಿನ ಬರೆದರೆ 40 ವಾರಕ್ಕೆ 60,000 ಪದವಾಗುತ್ತದೆ. ಅಷ್ಟು ಸಾಕು. ನಡುವೆ ಹಿಂದಿನದನ್ನು ತಿದ್ದಲು ಕೂರಬೇಡಿ. ಬಹಳ ಜನ ಮೂರನೇ ಅಧ್ಯಾಯ ದಾಟದಿರುವುದು ಅದರಿಂದಲೇ. ಮುಗಿದ ಮೇಲೆ ಎರಡು ತಿಂಗಳು ಎತ್ತಿಡಿ. ಆಮೇಲೆ ‘ನಾನು’ ಇದ್ದ ಕಡೆಯೆಲ್ಲ ‘ಅವಳು’ ಹಾಕಿ 20 ಪುಟ ಓದಿ. ಅವಳ ತಪ್ಪುಗಳು ಆಗ ಕಾಣುತ್ತವೆ.

ಅಚ್ಚಿಗೆ ಕೊಡುವ ಮುಂಚೆ ಯಜಮಾನರಿಗೆ ಓದಲು ಕೊಡಿ, ಅವರ ಬದುಕೂ ಅದರಲ್ಲಿದೆ. ಜೊತೆಗೆ ಆಲೆಮನೆಯಲ್ಲಿ ದುಡಿದ ಒಬ್ಬರಿಗೆ, ಆಲೆಮನೆಯನ್ನೇ ಕಾಣದ ಒಬ್ಬರಿಗೆ ಕೊಡಿ. ಮೊದಲಿನವರು ‘ಹಿಂಗಾಗಲ್ಲ’ ಅಂದ ಕಡೆ ತಿದ್ದಿ, ಎರಡನೆಯವರು ತಡವರಿಸಿದ ಕಡೆ ಒಂದು ಸಾಲು ಸೇರಿಸಿ.