ನಿರೋಧಕ ತಳಿಗೂ ಬೆಂಕಿ ರೋಗ ಬಂತಲ್ಲ, ಈಗೇನು?

ತುಮಕೂರು ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಹೋದ ವರ್ಷ ಒಂದೂವರೆ ಎಕರೆಗೆ ರಾಗಿ ಹಾಕಿದ್ದೆ. ರೋಗ ನಿರೋಧಕ ತಳಿ, ಇಳುವರಿಯೂ ಜಾಸ್ತಿ ಅಂತ ಹೇಳಿ ಬೀಜ ಕೊಟ್ಟಿದ್ದರು. ಪೈರು ಚೆನ್ನಾಗಿಯೇ ಬಂತು. ಎರಡು ಸಲ ಯೂರಿಯಾ ಕೊಟ್ಟೆ. ತೆನೆ ಬರುವ ಹೊತ್ತಿಗೆ ಒಂದು ವಾರ ಸೋನೆ ಹಿಡಿಯಿತು. ಕಾಲು ಭಾಗ ತೆನೆ ಕುತ್ತಿಗೆ ಕಪ್ಪಾಗಿ ಜೋತುಬಿತ್ತು. ತಾತನ ಕಾಲದ ನಾಟಿ ರಾಗಿಗೆ ರೋಗವೇ ಇರಲಿಲ್ಲ ಅಂತಾರೆ ಅಜ್ಜಿ. ಅವರು ಹಿತ್ತಲಲ್ಲಿ ವರ್ಷಾ ವರ್ಷ ಒಂದಿಷ್ಟು ಬೆಳೆದು ಆ ಬೀಜ ಉಳಿಸಿಕೊಂಡಿದ್ದಾರೆ. ಈ ಹೈಬ್ರಿಡ್, ಕುಲಾಂತರಿ ಎಲ್ಲ ಬಿಟ್ಟು ಅದನ್ನೇ ಹಾಕಲೇ? ವಿಜ್ಞಾನಿಗಳು ನಮಗೆ ಸುಳ್ಳು ಹೇಳಿದರೇ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜೊತೆಗೆ ಕಳಿಸಿದ ಫೋಟೋವನ್ನೂ ದೊಡ್ಡದು ಮಾಡಿ ನೋಡಿದೆ. ತೆನೆಯ ಕೆಳಗೆ ಎರಡು ಬೆರಳು ಅಗಲ ಕಪ್ಪಾಗಿದೆ, ಕೆಲವು ತೆನೆಗಳಲ್ಲಿ ಇಲುಕಿನ, ಅಂದರೆ ತೆನೆಯ ಬೆರಳಿನ, ತುದಿ ಮಾತ್ರ ಕಂದು ತಿರುಗಿದೆ. ಅದು ಬೆಂಕಿ ರೋಗವೇ, ಅನುಮಾನ ಬೇಡ. ಎಲೆ, ಕುತ್ತಿಗೆ, ಇಲುಕು ಮೂರಕ್ಕೂ ಬರುವುದು ಒಂದೇ ಶಿಲೀಂಧ್ರ. ಎಲೆಗೆ ಬಂದರೆ ಪೈರು ಹೇಗೋ ಸುಧಾರಿಸಿಕೊಳ್ಳುತ್ತದೆ. ಕುತ್ತಿಗೆಗೆ ಬಂದರೆ ತೆನೆಗೆ ಊಟ ಹೋಗುವ ದಾರಿಯೇ ಮುಚ್ಚಿದ ಹಾಗೆ, ಕಾಳೆಲ್ಲ ಜೊಳ್ಳು. ಕಾಲು ಭಾಗ ಹೋಯಿತು ಅಂದರೆ ಮನೆಗೆ ಬರಬೇಕಾದ ಎಷ್ಟು ಚೀಲ ಹೋಯಿತು ಅಂತ ನನಗೆ ಗೊತ್ತಾಗುತ್ತದೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಆದರೆ ಅದೇ ಫೋಟೋದ ಬಲಗಡೆ ಮೂಲೆಯಲ್ಲಿ ಏಳೆಂಟು ತೆನೆ ನೆಟ್ಟಗೆ, ತುಂಬಿಕೊಂಡು ನಿಂತಿವೆ. ನೀವು ಅದನ್ನು ಗಮನಿಸಿದ್ದೀರೋ ಇಲ್ಲವೋ. ಅದೇ ಹೊಲ, ಅದೇ ಸೋನೆ. ಅವು ಹೇಗೆ ಉಳಿದವು? ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರು ಮಾಡಬೇಕು ಅನ್ನಿಸಿತು.

ರೋಗದಿಂದ ತಪ್ಪಿಸಿಕೊಳ್ಳುವುದು ಬೇರೆ, ರೋಗವನ್ನು ತಡೆದುಕೊಳ್ಳುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ತೆನೆ ಹೊರಬರುವ ಆ ಕೆಲವು ದಿನ ಮಳೆ ಇಲ್ಲದಿದ್ದರೆ, ಎಲೆ ಮೇಲೆ ಗಂಟೆಗಟ್ಟಲೆ ತೇವ ನಿಲ್ಲದಿದ್ದರೆ, ಎಂಥ ಸೂಕ್ಷ್ಮ ತಳಿಯೂ ಆರಾಮಾಗಿ ಉಳಿಯುತ್ತದೆ. ನಿಮ್ಮ ಮೂಲೆಯ ತೆನೆಗಳು ನಾಲ್ಕು ದಿನ ಮುಂಚೆಯೋ ಹಿಂದೆಯೋ ಬಂದಿರಬಹುದು, ಸೋನೆಯ ಏಟು ಅವಕ್ಕೆ ಬಿದ್ದಿಲ್ಲ. ಆ ತೆನೆಯಿಂದ ಬೀಜ ಇಟ್ಟುಕೊಂಡರೆ ಮುಂದಿನ ವರ್ಷ ರೋಗ ಬರುವುದಿಲ್ಲ ಅಂತ ತಿಳಿಯಬೇಡಿ. ಒಂದು ತಳಿಯ ಬೀಜ ಅಂದರೆ ಹೆಚ್ಚುಕಡಿಮೆ ಎಲ್ಲ ಗಿಡವೂ ಒಂದೇ ರಕ್ತ.

ಅಜ್ಜಿಯ ಮಾತನ್ನೂ ಹೀಗೇ ನೋಡಬೇಕು. ಅವರು ಸುಳ್ಳು ಹೇಳುತ್ತಿಲ್ಲ. ಹಿಂದಿನ ನಾಟಿ ರಾಗಿ ಅಂದರೆ ಒಂದೇ ಹೊಲದಲ್ಲಿ ಹತ್ತು ಥರದ ಗಿಡ. ಒಂದು ಎಂಟು ದಿನ ಮೊದಲು ತೆನೆ ಬಿಡುತ್ತಿತ್ತು, ಇನ್ನೊಂದು ತಡವಾಗಿ. ನಡುವೆ ಅಕ್ಕಡಿ ಸಾಲಲ್ಲಿ ಅವರೆ, ಜೋಳ, ಹುಚ್ಚೆಳ್ಳು ಇರುತ್ತಿದ್ದವು. ಯೂರಿಯಾ ಇರಲಿಲ್ಲ, ಪೈರು ತೆಳ್ಳಗೆ ಇರುತ್ತಿತ್ತು, ಗಾಳಿ ಆಡುತ್ತಿತ್ತು. ರೋಗ ಬಂದರೂ ಒಂದಿಷ್ಟು ಹೋಗಿ ಒಂದಿಷ್ಟು ಉಳಿಯುತ್ತಿತ್ತು, ಪೂರ್ತಿ ಹೊಲ ಕರಕಲಾದದ್ದನ್ನು ಅವರು ನೋಡಿರಲಿಕ್ಕಿಲ್ಲ. ಆದರೆ ನಾಟಿ ಅಂದಮಾತ್ರಕ್ಕೆ ರೋಗ ತಡೆಯುತ್ತದೆ ಅನ್ನುವುದು ನಿಜ ಅಲ್ಲ. ನಮ್ಮ ಹಳೇ ಮೈಸೂರಿನ ಕಡೆಯದೇ ಒಂದು ಹಳೆಯ ರಾಗಿ ಇದೆ, ಹೆಸರು ಉಡುರು ಮಲ್ಲಿಗೆ. ಹೆಸರು ಎಷ್ಟು ಚೆಂದ ಅಲ್ವಾ? ಬೆಂಕಿ ರೋಗದ ಪರೀಕ್ಷೆ ಮಾಡುವವರು ರೋಗ ಸುತ್ತ ಹರಡಲಿ ಅಂತ ಅದನ್ನು ಬೇಕಂತಲೇ ನಡುನಡುವೆ ಬಿತ್ತುತ್ತಾರೆ, ಯಾಕೆಂದರೆ ರೋಗಕ್ಕೆ ಅದರಷ್ಟು ಬೇಗ ಬಲಿಯಾಗುವ ರಾಗಿ ಕಡಿಮೆ.

ಇಂಥ ಒಂದು ತಾಕನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸಣ್ಣ ಸಣ್ಣ ಸಾಲು, ಒಂದೊಂದು ಸಾಲಿಗೂ ಒಂದು ನಂಬರಿನ ಚೀಟಿ. ಕೆಲವು ಸಾಲಿಗೊಂದು ಉಡುರು ಮಲ್ಲಿಗೆ. ಸಂಜೆ ಹೊತ್ತು ನೀರು ಚಿಮುಕಿಸಿ ರಾತ್ರಿಯಿಡೀ ಎಲೆ ಒದ್ದೆ ಇರುವ ಹಾಗೆ ಮಾಡುತ್ತಾರೆ, ಅಂದರೆ ನಿಮ್ಮ ಹೊಲಕ್ಕೆ ಬಂದ ಆ ಕೆಟ್ಟ ವಾರವನ್ನು ಕೈಯಾರೆ ತರುತ್ತಾರೆ. ಕೆಲವೇ ದಿನಗಳಲ್ಲಿ ಉಡುರು ಮಲ್ಲಿಗೆಯ ಎಲೆ ಮೇಲೆ ನೂಲುವ ಕದಿರಿನ ಆಕಾರದ ಮಚ್ಚೆ ಏಳುತ್ತವೆ, ನಡುವೆ ಬೂದಿ ಬಣ್ಣ, ಅಂಚು ಕಂದು. ಆಮೇಲೆ ಕುತ್ತಿಗೆ. ಅದರ ಪಕ್ಕದಲ್ಲೇ, ಎಲೆಗೆ ಎಲೆ ತಾಗುವಷ್ಟು ಹತ್ತಿರ ನಿಂತು, ಎರಡು ಮೂರು ಮಚ್ಚೆ ಬಿಟ್ಟರೆ ಏನೂ ಆಗದೆ ತೆನೆ ಕಟ್ಟುವ ಸಾಲು ಇರುತ್ತದಲ್ಲ, ಅದು ತಪ್ಪಿಸಿಕೊಂಡದ್ದಲ್ಲ, ತಡೆದುಕೊಂಡದ್ದು. ಅಂಥದ್ದನ್ನು ಕಂಡಾಗ ಮೈ ಜುಂ ಅನ್ನುತ್ತದೆ, ನಿಜವಾಗಿಯೂ.

ತೊಗರಿಯಲ್ಲಿ ಇನ್ನೂ ಸೊಗಸಾದ ವಿಧಾನ ಇದೆ. ಗೊಡ್ಡು ರೋಗ ಬಂದ ತೊಗರಿ ಗಿಡ ಹಸಿರಾಗಿ ಪೊದೆ ಥರ ಬೆಳೆಯುತ್ತಾ ಹೋಗುತ್ತದೆ, ಹೂವೇ ಬಿಡುವುದಿಲ್ಲ. ಆ ವೈರಸ್ಸನ್ನು ಹೊತ್ತು ತರುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಪರೀಕ್ಷೆ ಮಾಡುವವರು ರೋಗದ ಗಿಡದ ಎಲೆ ತಂದು, ಎಳೆ ಸಸಿಯ ಎಲೆ ಮೇಲೆ ಮಡಚಿ, ಆಫೀಸಿನಲ್ಲಿ ಕಾಗದಕ್ಕೆ ಹೊಡೆಯುವ ಸ್ಟೇಪ್ಲರ್‌ನಿಂದ ಪಿನ್ ಹೊಡೆಯುತ್ತಾರೆ. ಎಲೆ ಒಣಗುತ್ತಿದ್ದ ಹಾಗೆ ನುಸಿ ಹೊಸ ಎಲೆಗೆ ನಡೆದುಹೋಗುತ್ತದೆ. ಒಂದು ಸಸಿಯೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಹೀಗೆ ರೋಗ ತಡೆಯುವ ಗಿಡ ಸಿಕ್ಕಿತು ಅಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಹಳ ಸಲ ಅಂಥ ಗಿಡದ ಕಾಳು ಸಣ್ಣ, ಅಥವಾ ಐದು ತಿಂಗಳಾದರೂ ಮಾಗುವುದಿಲ್ಲ. ಅದನ್ನು ಒಳ್ಳೆ ಇಳುವರಿಯ ತಳಿಯ ಜೊತೆ ಕೂಡಿಸಬೇಕು. ರಾಗಿಯಲ್ಲಿ ಇದು ಎಂಥ ಕಷ್ಟ ಅಂತ ನಿಮಗೆ ಹೇಳಲೇಬೇಕು. ರಾಗಿ ಹೂವು ಅರಳುವುದು ರಾತ್ರಿ ಒಂದರಿಂದ ಬೆಳಗಿನ ಜಾವ ಐದರ ಒಳಗೆ. ಹೂವೋ, ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅರಳುವಾಗಲೇ ತನ್ನ ಪರಾಗ ತಾನೇ ತೆಗೆದುಕೊಂಡುಬಿಡುತ್ತದೆ. ಭತ್ತದ ಹಾಗೆ ಚಿಮಟ ಹಿಡಿದು ಒಂದೊಂದೇ ಕೇಸರ ಕೀಳುವುದು ಇಲ್ಲಿ ಆಗದ ಮಾತು. ಅದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ, ಎರಡು ತಳಿಯ ತೆನೆಗಳನ್ನು ಮುಖಕ್ಕೆ ಮುಖ ಸೇರಿಸಿ ಕಟ್ಟುವುದು. ಎಲ್ಲೋ ಕೆಲವು ಹೂವುಗಳಿಗೆ ಪಕ್ಕದ ತೆನೆಯ ಪರಾಗ ತಾಗುತ್ತದೆ. ತಾಗಿದ್ದು ಯಾವುದು ಅಂತ ಗೊತ್ತಾಗುವುದು ಹೇಗೆ? ತಂದೆಯಾಗಿ ನೇರಳೆ ಬಣ್ಣದ ಗಿಣ್ಣಿರುವ ತಳಿ ಇಟ್ಟುಕೊಳ್ಳುತ್ತಾರೆ, ತಾಯಿ ಹಸಿರು. ಆ ಹಸಿರು ತಾಯಿಯ ಬೀಜವನ್ನೆಲ್ಲ ಬಿತ್ತಿ, ಸಾವಿರಾರು ಹಸಿರು ಸಸಿಗಳ ನಡುವೆ ನೇರಳೆ ಗಿಣ್ಣಿನ ಸಸಿ ಹುಡುಕಬೇಕು. ಅದೇ ನಿಜವಾಗಿ ಕೂಡಿ ಹುಟ್ಟಿದ್ದು.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೂತು ಈ ಕೆಲಸ ಮಾಡಿದವರು ಲಕ್ಷ್ಮಣಯ್ಯ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. 1950ರ ದಶಕದಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಅಂತ ಒಂದರ ಹಿಂದೆ ಒಂದು ತಳಿ ಕೊಟ್ಟರು. ಆಮೇಲೆ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿದರು. ನಮ್ಮದು ಬೇಗ ಮಾಗುವುದು, ಬುಡದಿಂದ ಹೆಚ್ಚು ತೆಂಡೆ (ಕವಲು) ಒಡೆಯುವುದು. ಅವರದು ಗಟ್ಟಿ ಕಡ್ಡಿ, ದಪ್ಪ ತೆನೆ, ರೋಗ ತಡೆಯುವ ಶಕ್ತಿ ಜಾಸ್ತಿ, ಆದರೆ ಮಾಗುವುದು ತಡ. ಎರಡೂ ಸೇರಿ ಬಂದದ್ದೇ ಇಂಡಾಫ್ ತಳಿಗಳು. ಹೆಸರೇ ಇಂಡಿಯಾ, ಆಫ್ರಿಕಾ ಸೇರಿಸಿ ಆದದ್ದು. ಇವತ್ತು ನಮ್ಮ ಕಡೆ ಎಲ್ಲಿ ನೋಡಿದರೂ ಕಾಣುವ ಜಿಪಿಯು-28 ಅನ್ನುವ ರಾಗಿ ತಳಿ ಇದೆಯಲ್ಲ, ಅದರ ಜಾತಕ ತೆಗೆದರೆ ಇಂಡಾಫ್-5, ಇಂಡಾಫ್-9, ಜೊತೆಗೆ ಬೀಜ ಸಂಗ್ರಹದಲ್ಲಿ ಐಇ-1012 ಅಂತ ಬರೀ ನಂಬರಾಗಿ ಕೂತಿದ್ದ ಒಂದು ರಾಗಿ. ರೋಗ ತಡೆಯುವ ಗುಣಕ್ಕಾಗಿ ಹುಡುಕಿ ತಂದದ್ದು ಆ ನಂಬರನ್ನೇ. ಯಾವ ಊರಿನ ಯಾವ ಅಜ್ಜಿ ಅದನ್ನು ಮಡಕೆಯಲ್ಲಿ ಉಳಿಸಿದ್ದರೋ!

ಎರಡು ತಳಿ ಕೂಡಿಸಿದ ಮೇಲೆ ಮರಿಗಳೆಲ್ಲ ಒಂದೇ ಥರ ಬರುವುದಕ್ಕೆ ಆರೇಳು ತಲೆಮಾರು ಬೇಕು, ಅಂದರೆ ಆರೇಳು ಬೆಳೆ. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಮೂರು ವರ್ಷ ಪರೀಕ್ಷೆ, ರೈತರ ಹೊಲದಲ್ಲಿ ಪರೀಕ್ಷೆ. ಒಟ್ಟು ಹತ್ತು ಹನ್ನೆರಡು ವರ್ಷ.

ಇಷ್ಟಾದರೂ ನಿಮ್ಮ ಹೊಲಕ್ಕೆ ರೋಗ ಬಂತಲ್ಲ? ಇಲ್ಲಿ ನಿಮಗೆ ಯಾರೂ ಬಿಡಿಸಿ ಹೇಳದ ಮಾತೊಂದಿದೆ, ಹೇಳದೇ ಇದ್ದದ್ದು ತಪ್ಪು ಅಂತ ನನಗೂ ಅನ್ನಿಸುತ್ತದೆ. ನಿರೋಧಕ ಅಂದರೆ ರೋಗ ಬರುವುದೇ ಇಲ್ಲ ಅಂತಲ್ಲ. ಅದೇ ಪರಿಸ್ಥಿತಿಯಲ್ಲಿ ಬೇರೆಯದಕ್ಕಿಂತ ಬಹಳ ಕಡಿಮೆ ಬರುತ್ತದೆ ಅಂತ. ಉಡುರು ಮಲ್ಲಿಗೆ ಇದ್ದಿದ್ದರೆ ನಿಮಗೆ ಕಾಲು ಭಾಗ ಉಳಿಯುವುದೂ ಕಷ್ಟವಿತ್ತು. ಇನ್ನೊಂದು, ಶಿಲೀಂಧ್ರವೂ ಸುಮ್ನೆ ಕೂರುವುದಿಲ್ಲ. ಸಾವಿರಾರು ಎಕರೆಯಲ್ಲಿ ವರ್ಷಾನುಗಟ್ಟಲೆ ಒಂದೇ ತಳಿ ಇದ್ದರೆ, ಅದನ್ನು ಮುರಿಯಬಲ್ಲ ಹೊಸ ಪೀಳಿಗೆ ಎಲ್ಲೋ ಒಂದು ಕಡೆ ಹುಟ್ಟುತ್ತದೆ. ಗೋಧಿಯಲ್ಲಿ ಹೀಗೇ ಆಯಿತು. ದಶಕಗಳ ಕಾಲ ಪ್ರಪಂಚದ ಎಷ್ಟೋ ದೇಶಗಳ ಗೋಧಿಯನ್ನು ಕಾಂಡದ ತುಕ್ಕು ರೋಗದಿಂದ ಕಾಪಾಡಿದ್ದ ಗುಣವನ್ನು ಮುರಿಯುವ ಶಿಲೀಂಧ್ರ 1998ರಲ್ಲಿ ಉಗಾಂಡಾದಲ್ಲಿ ಕಾಣಿಸಿಕೊಂಡಿತು. ಮತ್ತೆ ಹಳೆಯ ಬೀಜಗಳ ಡಬ್ಬ ತೆಗೆದು ಮೊದಲಿಂದ ಹುಡುಕಬೇಕಾಯಿತು.

ಒಂದು ರೋಗ ಗೆದ್ದರೆ ಇನ್ನೊಂದು ಕಾದಿರುತ್ತದೆ, ಅದಕ್ಕೆ ನಮ್ಮ ಕಲಬುರಗಿಯ ತೊಗರಿಯೇ ಸಾಕ್ಷಿ. 1980ರ ದಶಕದಲ್ಲಿ ಬಂದ ಮಾರುತಿ ತಳಿ, ಗಿಡ ಬಾಡಿ ಒಣಗಿಹೋಗುವ ನೆಟೆ ರೋಗವನ್ನು ಚೆನ್ನಾಗಿ ತಡೆಯಿತು. ರೋಗದ ಮಣ್ಣೇ ತುಂಬಿದ ತಾಕಿನಲ್ಲಿ ಬೆಳೆಸಿ ಆರಿಸಿದ ತಳಿ ಅದು. ಆದರೆ ಗೊಡ್ಡು ರೋಗದ ಮುಂದೆ ಅದರ ಆಟ ನಡೆಯಲಿಲ್ಲ. ಎರಡನ್ನೂ ತಡೆಯುವ ಆಶಾ ತಳಿ ಬಂದದ್ದು 1993ರಲ್ಲಿ. ಹಾಗಂತ ಮಾರುತಿ ಕೊಟ್ಟವರು ಸುಳ್ಳು ಹೇಳಿದರು ಅನ್ನಬಹುದೇ? ಅವರು ಹೇಳಿದ್ದು ನೆಟೆ ರೋಗದ ಬಗ್ಗೆ, ಅದು ನಿಜವಾಗಿತ್ತು.

ಇನ್ನು ಹೈಬ್ರಿಡ್, ಕುಲಾಂತರಿ ಮಾತು. ಹಳ್ಳಿ ಕಡೆ ಸುಧಾರಿಸಿದ ಬೀಜವನ್ನೆಲ್ಲ ಹೈಬ್ರಿಡ್ ಅನ್ನುವ ರೂಢಿ ಇದೆ. ನೀವು ಹಾಕಿದ ರಾಗಿ ಹೈಬ್ರಿಡ್ ಅಲ್ಲ, ತಳಿ. ಮುಸುಕಿನ ಜೋಳದ ಹಾಗೆ ಪ್ರತಿ ವರ್ಷ ಬೀಜ ಕೊಳ್ಳಬೇಕಿಲ್ಲ, ರೋಗ ಇಲ್ಲದ ತೆನೆ ಆರಿಸಿ ಎರಡು ಮೂರು ವರ್ಷ ನಿಮ್ಮ ಬೀಜವನ್ನೇ ಹಾಕಬಹುದು. ಕುಲಾಂತರಿ, ಅಂದರೆ ಬೇರೆ ಜೀವಿಯ ಜೀನು ಸೇರಿಸಿದ ಬೆಳೆ, ಅದಂತೂ ಅಲ್ಲವೇ ಅಲ್ಲ. ನಮ್ಮ ದೇಶದಲ್ಲಿ ರೈತರು ಅನುಮತಿ ಇದ್ದು ಬೆಳೆಯುತ್ತಿರುವ ಕುಲಾಂತರಿ ಬೆಳೆ ಬಿ.ಟಿ. ಹತ್ತಿ ಒಂದೇ.

ನಿಮ್ಮ ಹೊಲದ ವಿಷಯಕ್ಕೆ ಬರುತ್ತೇನೆ. ಎರಡು ಸಲ ಯೂರಿಯಾ ಕೊಟ್ಟೆ ಅಂದಿರಿ. ಎಷ್ಟು ಕೊಟ್ಟಿರಿ, ಯಾವಾಗ ಕೊಟ್ಟಿರಿ ಅಂತ ಬರೆದಿಲ್ಲ. ಸಾರಜನಕ ಜಾಸ್ತಿಯಾದರೆ ಎಲೆ ಮೆತ್ತಗಾಗುತ್ತದೆ, ಪೈರು ಒತ್ತಾಗುತ್ತದೆ, ಬೆಂಕಿ ರೋಗಕ್ಕೆ ಅದಕ್ಕಿಂತ ಹಿತವಾದ ಜಾಗ ಇಲ್ಲ. ನಿರೋಧಕ ತಳಿಯ ಕೈಕಾಲು ಕಟ್ಟಿ ಕುಸ್ತಿಗೆ ಬಿಟ್ಟ ಹಾಗೆ. ಹಾಗೆಯೇ ಬೀಜದ ಚೀಲದ ಚೀಟಿ ಇದ್ದರೆ ಹುಡುಕಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ, ಅದರ ಮೇಲೆ ತಳಿಯ ಹೆಸರು ಇರುತ್ತದೆ. ನಿಮ್ಮ ಪತ್ರದಲ್ಲಿ ತಳಿಯ ಹೆಸರೇ ಇಲ್ಲ! ಯಾವ ತಳಿ ಅಂತ ಗೊತ್ತಿಲ್ಲದೆ ಅದು ಸೋತಿತೋ ಇಲ್ಲವೋ ಅಂತ ಯಾರು ಹೇಳಬೇಕು? ಚೀಟಿ ಸಿಕ್ಕರೆ, ನಿಜವಾಗಿ ನಿರೋಧಕ ತಳಿಯೇ ಆಗಿದ್ದರೆ, ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಆ ಒಣಗಿದ ತೆನೆಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ ಕೊಡಿ, ಪ್ಲಾಸ್ಟಿಕ್ಕಿನಲ್ಲಿ ಬೇಡ. ಹೊಸ ಪೀಳಿಗೆಯ ರೋಗ ಬಂದಿದೆಯೋ ಅಂತ ಅವರಿಗೆ ಮೊದಲು ತಿಳಿಯಬೇಕಾದದ್ದು ನಿಮ್ಮಂಥವರ ಹೊಲದಿಂದಲೇ.

ಅಜ್ಜಿಯ ಬೀಜವನ್ನು ಒಂದೂವರೆ ಎಕರೆಗೂ ಹಾಕಬೇಡಿ, ಇಳುವರಿ ನಂಬಿ ಸಾಲ ಮಾಡಿದ್ದರೆ ಇನ್ನೂ ಬೇಡ. ಆದರೆ ಬಿಡಲೂ ಬೇಡಿ. ಈ ಸಲ ಹೊಲದ ತಗ್ಗಿನಲ್ಲಿ, ಮಂಜು ಹೆಚ್ಚು ನಿಲ್ಲುವ ಕಡೆ, ಹೊಸ ತಳಿಯ ನಾಲ್ಕು ಸಾಲು, ಅಜ್ಜಿಯ ರಾಗಿ ನಾಲ್ಕು ಸಾಲು ಒಂದೇ ದಿನ ಪಕ್ಕ ಪಕ್ಕ ಹಾಕಿ. ಎರಡಕ್ಕೂ ಒಂದೇ ಗೊಬ್ಬರ. ತೆನೆ ಬಂದ ದಿನ ಬರೆದಿಟ್ಟುಕೊಳ್ಳಿ, ಅದು ಮುಖ್ಯ, ತಪ್ಪಿಸಿಕೊಂಡಿತೋ ತಡೆದುಕೊಂಡಿತೋ ಅಂತ ಗೊತ್ತಾಗುವುದು ಆ ತಾರೀಕಿನಿಂದಲೇ. ಒಂದೊಂದು ಸಾಲಿನಲ್ಲಿ ನೂರು ತೆನೆ ಎಣಿಸಿ, ಕುತ್ತಿಗೆ ಕಪ್ಪಾದದ್ದು ಎಷ್ಟು ಅಂತ ಲೆಕ್ಕ ಹಾಕಿ. ಅಜ್ಜಿಯ ಸಾಲಲ್ಲಿ ಒಂದೊಂದು ಗಿಡ ಒಂದೊಂದು ಥರ ಇರುತ್ತದೆ, ಸುತ್ತ ಎಲ್ಲ ಕಪ್ಪಾಗಿ ಅದೊಂದೇ ತುಂಬಿ ನಿಂತಿದ್ದರೆ ಅದಕ್ಕೆ ಕೆಂಪು ದಾರ ಕಟ್ಟಿ, ಆ ತೆನೆಯನ್ನು ಬೇರೆಯೇ ಕೊಯ್ದಿಡಿ. ಅಜ್ಜಿಯನ್ನು ಕೇಳಿ ಆ ರಾಗಿಯ ಹೆಸರು ಬರೆದುಕೊಳ್ಳಿ. ಸುಗ್ಗಿ ಮುಗಿದ ಮೇಲೆ ಲೆಕ್ಕ ಕಳಿಸಿ, ಪೂರ್ತಿ ಪ್ರಕಟಿಸುತ್ತೇವೆ.

– ಸಂ.